ದಯೆ ಪೆಟ್ಟಿಗೆ: ಚಾರ್ಟ್ ಸುತ್ತಿಡಿ, ಚೀಟಿ ಇಟ್ಟುಕೊಳ್ಳಿ

ಕ್ಲಾಸಿನ ಮಕ್ಕಳಿಗೆ ಒಳ್ಳೆಯತನ ಕಲಿಸಲೆಂದು ಮಾರುವ ಈ ಪೆಟ್ಟಿಗೆಗೆ ಐದಕ್ಕೆ ಎರಡು ಸ್ಟಾರ್ ಕೊಟ್ಟು ಮುಗಿಸೋಣ ಅಂದುಕೊಂಡಿದ್ದೆ. ಮೂರು ಕೊಟ್ಟಿದ್ದೇನೆ. ಮೂರನೆಯದು ಪೂರ್ತಿ ಚೀಟಿಗೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಾನು ನಾಲ್ಕನೇ ಕ್ಲಾಸಿನ ಟೀಚರ್. ಪಾಠ ಮಾಡಲು ಶುರು ಮಾಡಿ 17 ವರ್ಷ ಆಯಿತು. ಈ ಸಲ ನನ್ನ ಕ್ಲಾಸಿನಲ್ಲಿ 34 ಮಕ್ಕಳು, ಹೆಚ್ಚಿನವರಿಗೆ ಒಂಬತ್ತು ವರ್ಷ. ಟರ್ಮ್ ಶುರುವಾಗುವ ಹೊತ್ತಿಗೆ ಹೆಡ್‌ಮಿಸ್ ಈ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು. "ನೀವು ಒಂದು ಟರ್ಮ್ ನೋಡಿ, ಚೆನ್ನಾಗಿದ್ದರೆ ಉಳಿದ ಕ್ಲಾಸಿಗೂ ತರಿಸೋಣ" ಎಂದರು. 12 ವಾರ ಉಪಯೋಗಿಸಿದ್ದೇನೆ. ಕಂಪನಿಯ ಹೆಸರು ಹಾಕುತ್ತಿಲ್ಲ. ಬೈಯುವುದೇ ಜಾಸ್ತಿ ಇದೆ, ಸುಮ್ನೆ ಯಾಕೆ?

ಒಳಗಿರುವ ಸಾಮಾನು ಇಷ್ಟು. ಮಕ್ಕಳ ಹೆಸರಿಗೆ ಮನೆ ಹಾಕಿದ ಒಂದು ದೊಡ್ಡ ಗೋಡೆ ಚಾರ್ಟ್, ಅದಕ್ಕೆ ಅಂಟಿಸುವ ಚಿನ್ನದ ಬಣ್ಣದ ಸ್ಟಾರ್‌ಗಳು, ಟೀಚರ್ ತುಂಬಬೇಕಾದ ನೋಟ್‌ಬುಕ್, 40 ಕಾರ್ಡು, ಮಕ್ಕಳು ಬರೆದು ಹಾಕುವ ಚೀಟಿಗಳ ಎರಡು ಪ್ಯಾಡು, ಅದಕ್ಕೊಂದು ಪ್ಲಾಸ್ಟಿಕ್ ಡಬ್ಬಿ, ಮತ್ತೊಂದು ಕೈಪಿಡಿ. ಸ್ಟಾರ್‌ಗಳು ಎರಡನೇ ದಿನದಿಂದಲೇ ಉದುರತೊಡಗಿದವು. ಡಬ್ಬಿಯ ಮುಚ್ಚಳ ಒಂದೇ ಸಲ ಕೆಳಗೆ ಬಿದ್ದಿದ್ದಕ್ಕೆ ಸೀಳಿತು. ಚೀಟಿ ಐದನೇ ವಾರಕ್ಕೆ ಖಾಲಿ. ಸಾಮಾನಿನ ಗುಣಮಟ್ಟದ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಮೊದಲು ಚಾರ್ಟ್. ಮಗು ಒಳ್ಳೆಯ ಕೆಲಸ ಮಾಡಿದ್ದು ಟೀಚರ್ ಕಣ್ಣಿಗೆ ಬಿದ್ದರೆ ಒಂದು ಸ್ಟಾರ್. ಏನು ಮಾಡಿತು ಅನ್ನುವುದನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಡಬೇಕು. ಮೂರು ವಾರ ಶ್ರದ್ಧೆಯಿಂದ ಮಾಡಿದೆ. ಮುಂದಿನ ಬೆಂಚಿನ ಒಬ್ಬ ಹುಡುಗಿಗೆ 19 ಸ್ಟಾರ್ ಆಗಿತ್ತು, ಎಲ್ಲರಿಗಿಂತ ಜಾಸ್ತಿ. ಶನಿವಾರ ಕೂತು ಆ 19 ಸಾಲು ಓದಿದೆ. ನೋಟ್‌ಬುಕ್ ಹಂಚಿದಳು. ಬೋರ್ಡ್ ಒರೆಸಿದಳು. ಗಲಾಟೆ ಮಾಡುವವರನ್ನು ಸುಮ್ಮನಿರಿಸಿದಳು. ಮತ್ತೆ ಬೋರ್ಡ್ ಒರೆಸಿದಳು. ಲೆಕ್ಕ ಹಾಕಿದರೆ 19ರಲ್ಲಿ 14 ಸಹಾಯ ನನಗೆ ಮಾಡಿದ್ದು! ಇನ್ನೊಂದು ಮಗುವಿಗೆ ಮಾಡಿದ್ದು ಐದು. ಅಂದರೆ ನಾನು ಇಷ್ಟು ದಿನ ಒಳ್ಳೆಯತನ ಅಂತ ಎಣಿಸುತ್ತಿದ್ದದ್ದು ನನ್ನ ಕೆಲಸ ಹಗುರ ಮಾಡಿದವರನ್ನು.

ಅದೇ ಮೂರು ವಾರದ ಚೀಟಿಗಳನ್ನೂ ಸುರಿದುಕೊಂಡು ನೋಡಿದೆ. ಚೀಟಿ ಬರೆಯುವುದು ಮಕ್ಕಳು. ಯಾರು ತನಗೆ ಏನು ಮಾಡಿದರು ಅಂತ ಬರೆದು ಡಬ್ಬಿಗೆ ಹಾಕಬೇಕು. 19 ಸ್ಟಾರಿನ ಹುಡುಗಿಯ ಹೆಸರಿನಲ್ಲಿ ಇದ್ದದ್ದು ಎರಡೇ ಚೀಟಿ. ಒಂದರಲ್ಲಿ ಹೀಗಿತ್ತು: "ನಾನು ಬೇಡ ಅಂದ್ರೂ ನನ್ನ ಬ್ಯಾಗ್ ಜೋಡಿಸಿದಳು. ಥ್ಯಾಂಕ್ಸ್." ಇದು ಹೊಗಳಿಕೆಯೋ ದೂರೋ ನನಗೆ ಈಗಲೂ ಗೊತ್ತಾಗಿಲ್ಲ.

ಇನ್ನೊಬ್ಬ ಹುಡುಗ ಇದ್ದಾನೆ, ಕೊನೇ ಬೆಂಚಿನವನು. ಚಾರ್ಟಿನಲ್ಲಿ ಅವನ ಮನೆ ಪೂರ್ತಿ ಖಾಲಿ. ಆಟದ ಪೀರಿಯಡ್ ಮುಗಿದ ಮೇಲೆ ದಿನಾ ತಡವಾಗಿ ಒಳಗೆ ಬರುತ್ತಿದ್ದ. ನಾನು ಮೂರು ದಿನ ಬಾಗಿಲಲ್ಲೇ ನಿಲ್ಲಿಸಿ ಬೈದಿದ್ದೆ. ಒಂದು ಮಾತೂ ಆಡಿರಲಿಲ್ಲ, ತಲೆ ತಗ್ಗಿಸಿ ನಿಂತಿದ್ದ. ಅವನ ಹೆಸರಿನ ಚೀಟಿಗಳು ಒಂಬತ್ತು ಇದ್ದವು. ಆರು ಚೀಟಿ ಒಂದೇ ಕೈಬರಹದಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹುಡುಗನದ್ದು. ಆರರಲ್ಲೂ ಹೆಚ್ಚುಕಡಿಮೆ ಅದೇ ಮಾತು: "ಇವತ್ತೂ ನನ್ನ ಜೊತೆ ನಿಧಾನಕ್ಕೆ ನಡೆದ."

ಆ ಚೀಟಿಗಳನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಪ್ಲಾಸ್ಟರ್ ಹುಡುಗ ತಡವಾಗಿ ಬಂದರೆ ನಾನು ಏನೂ ಅನ್ನುತ್ತಿರಲಿಲ್ಲ, ಅವನಿಗೆ ಕಾರಣ ಇತ್ತಲ್ಲ. ಜೊತೆಗೆ ಬಂದವನನ್ನು ಬೈಯುತ್ತಿದ್ದೆ. ಇಬ್ಬರೂ ಒಟ್ಟಿಗೆ ಬರುತ್ತಿದ್ದಾರೆ ಅನ್ನುವುದು ಕಣ್ಣ ಮುಂದೆಯೇ ಇತ್ತು. ಸೋಮವಾರ ಅವನನ್ನು ಕರೆದು "ಬೈದದ್ದು ನನ್ನ ತಪ್ಪಪ್ಪಾ" ಎಂದೆ. "ಪರವಾಗಿಲ್ಲ ಮಿಸ್" ಎಂದು ಓಡಿಹೋದ. ಸ್ಟಾರ್ ಅಂಟಿಸಲು ಹೋಗಲಿಲ್ಲ. ಒಂಬತ್ತು ಸ್ಟಾರ್ ಒಮ್ಮೆಗೇ ಅಂಟಿಸಿದ್ದರೆ ಅವನೇ ನಾಚಿಕೊಳ್ಳುತ್ತಿದ್ದ.

ಇಂಥ ಸದ್ದಿಲ್ಲದ ಒಳ್ಳೆಯತನದ ಬಗ್ಗೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್-ಟೈಲರ್ ಬಿನ್‌ಫೆಟ್ ಸಾಕಷ್ಟು ಬರೆದಿದ್ದಾರೆ. ಶಾಲೆಯ ಮಕ್ಕಳು ಒಳ್ಳೆಯತನವನ್ನು ಹೇಗೆ ನೋಡುತ್ತಾರೆ, ಟೀಚರ್‌ಗಳು ಹೇಗೆ ನೋಡುತ್ತಾರೆ ಅನ್ನುವುದೇ ಅವರ ಕೆಲಸ. ಕೈಪಿಡಿಯಲ್ಲಿ ಇದರ ಸುಳಿವೇ ಇಲ್ಲ. ಟೀಚರ್ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಇವೆ: ಕೆಲಸದಲ್ಲಿ ಕೈಜೋಡಿಸಿದ್ದು, ಹಂಚಿಕೊಂಡದ್ದು, ಸಮಾಧಾನ ಮಾಡಿದ್ದು. ಈ ವಿಂಗಡಣೆ ತಪ್ಪಲ್ಲ, ಮಕ್ಕಳ ಮನಃಶಾಸ್ತ್ರದಲ್ಲೂ ಈ ಮೂರನ್ನು ಬೇರೆ ಬೇರೆ ಮಾಡಿ ನೋಡುವ ರೂಢಿ ಇದೆ. ಆದರೆ ನಿಧಾನಕ್ಕೆ ನಡೆದದ್ದನ್ನು ಯಾವ ಕಾಲಂನಲ್ಲಿ ಬರೆಯಲಿ?

ಚಾರ್ಟಿನ ಇನ್ನೊಂದು ಕಥೆ ಕೇಳಿ. ಎರಡನೇ ವಾರದಲ್ಲಿ ಕ್ಲಾಸಿನಲ್ಲಿ ಪೆನ್ಸಿಲ್ ಬೀಳುವುದು ಜಾಸ್ತಿಯಾಯಿತು. ಟಕ್, ಟಕ್, ಟಕ್. ಬಿದ್ದ ತಕ್ಷಣ ಪಕ್ಕದವನು ಬಗ್ಗಿ ಎತ್ತಿಕೊಟ್ಟು ನನ್ನ ಮುಖ ನೋಡುತ್ತಾನೆ. ಮೊದಲು ಖುಷಿಯಾಯಿತು, ಪೆಟ್ಟಿಗೆ ಕೆಲಸ ಮಾಡುತ್ತಿದೆ ಅಂದುಕೊಂಡೆ. ಆಮೇಲೆ ಒಂದು ದಿನ ಬೆನ್ನ ಹಿಂದೆ ಪಿಸುಮಾತು ಕೇಳಿತು: "ಈಗ ನೀನು ಬೀಳಿಸು, ನನ್ನ ಸರದಿ." ನಗು ತಡೆಯಲಾಗದೆ ಬೋರ್ಡಿನ ಕಡೆ ತಿರುಗಿ ನಿಂತೆ.

ಬಹುಮಾನ ಕೊಟ್ಟರೆ ಒಳ್ಳೆಯ ಅಭ್ಯಾಸ ಬೇರೂರುತ್ತದೆ ಅಂತ ಕೈಪಿಡಿ ಬರೆದಿದೆ. ಅಷ್ಟು ಧೈರ್ಯವಾಗಿ ಹೇಗೆ ಬರೆದರೋ. 1973ರಲ್ಲೇ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು ಮನಃಶಾಸ್ತ್ರಜ್ಞರು ಅಮೆರಿಕದ ಒಂದು ಶಿಶುವಿಹಾರದಲ್ಲಿ ಚಿತ್ರ ಬರೆಯಲು ಇಷ್ಟಪಡುವ ಮಕ್ಕಳನ್ನು ಆರಿಸಿ, ಕೆಲವರಿಗೆ "ಬರೆದರೆ ಬಹುಮಾನ" ಎಂದು ಮೊದಲೇ ಹೇಳಿ ಕೊಟ್ಟರು. ಆಮೇಲೆ ಬಿಡುವಿನಲ್ಲಿ ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಬರೆದರು. ಅದು ಚಿತ್ರದ ಮಾತಾಯಿತು. ಸಹಾಯದ ಮಾತಿಗೆ ಬಂದರೆ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಎಂಬ ಮನಃಶಾಸ್ತ್ರಜ್ಞರಿದ್ದಾರೆ. ದೊಡ್ಡವರ ಕೈಯಿಂದ ಏನಾದರೂ ಬಿದ್ದು, ಅವರು ಕೈಚಾಚಿ ಒದ್ದಾಡುತ್ತಿದ್ದರೆ 18 ತಿಂಗಳ ಮಗುವೂ ಎತ್ತಿಕೊಡುತ್ತದೆ ಅಂತ 2006ರಲ್ಲಿ ತೋರಿಸಿದರು. 2008ರಲ್ಲಿ 20 ತಿಂಗಳ ಮಕ್ಕಳಿಗೆ ಹಾಗೆ ಎತ್ತಿಕೊಟ್ಟಾಗೆಲ್ಲ ಒಂದು ವಸ್ತು ಬಹುಮಾನವಾಗಿ ಕೊಟ್ಟು ನೋಡಿದರು. ಆಮೇಲೆ ಬಹುಮಾನ ನಿಲ್ಲಿಸಿದಾಗ ಈ ಮಕ್ಕಳು, ಏನೂ ಪಡೆಯದವರಿಗಿಂತ ಕಡಿಮೆ ಸಹಾಯ ಮಾಡಿದರು. ಒಂದೂವರೆ ವರ್ಷದಲ್ಲಿ ಪುಕ್ಕಟೆ ಬಂದದ್ದನ್ನು ಒಂಬತ್ತನೇ ವರ್ಷದಲ್ಲಿ ನಾನು ಸ್ಟಾರ್ ಅಂಟಿಸಿ ಕಲಿಸಲು ಹೊರಟಿದ್ದೆ, ಅಲ್ವಾ?

ನಾಲ್ಕನೇ ವಾರದಲ್ಲಿ ಚಾರ್ಟ್ ಇಳಿಸಿ ಸುತ್ತಿ ಬೀರುವಿನ ಮೇಲೆ ಇಟ್ಟೆ. ಮೊದಲ ದಿನ "ಸ್ಟಾರ್ ಎಲ್ಲಿ ಮಿಸ್?" ಎಂದು ಹತ್ತು ಜನ ಕೇಳಿದರು. ಮೂರನೇ ದಿನ ಯಾರೂ ಕೇಳಲಿಲ್ಲ. ಪೆನ್ಸಿಲ್ ಬೀಳುವುದೂ ನಿಂತಿತು.

ಇನ್ನು ಚೀಟಿ. ಇದರಲ್ಲಿ ಕಂಪನಿ ಒಂದು ಒಳ್ಳೆಯ ಕೆಲಸ ಮಾಡಿದೆ, ಅದಕ್ಕೆ ತಾನೇ ಕಲ್ಲೂ ಹಾಕಿಕೊಂಡಿದೆ. ಚೀಟಿಯ ಮೇಲೆ ಅಚ್ಚಾದ ಪ್ರಶ್ನೆ: "ಇಂದು ನೀನು ಕಂಡ ದಯಾಪರ ವರ್ತನೆ ಯಾವುದು?" ನನ್ನ ಮಕ್ಕಳು ಈ ಸಾಲು ನೋಡಿ ಪಿಳಿಪಿಳಿ ಕಣ್ಣು ಬಿಟ್ಟರು. ಒಬ್ಬಳು "ದಯೆ ಅಂದ್ರೆ ನಾಯಿಗೆ ತೋರಿಸೋದಲ್ವಾ ಮಿಸ್?" ಎಂದು ಕೇಳಿದಳು. ಅವಳು ಹೇಳಿದ್ದು ಸರಿಯಾಗಿಯೇ ಇದೆ. ಮಕ್ಕಳ ಬಾಯಲ್ಲಿ ದಯೆ ಅನ್ನುವ ಮಾತು ಮೇಲಿನಿಂದ ಕೆಳಗೆ ಬರುವಂಥದ್ದು. ದೇವರು ತೋರಿಸುತ್ತಾನೆ, ರಾಜ ತೋರಿಸುತ್ತಾನೆ, ನಾವು ನಾಯಿಗೆ ತೋರಿಸುತ್ತೇವೆ. ಪಕ್ಕದ ಬೆಂಚಿನವನಿಗೆ ಯಾರು ದಯೆ ತೋರಿಸುತ್ತಾರೆ?

ಅಚ್ಚಾದ ಸಾಲು ಹೊಡೆದುಹಾಕಿ ಬೋರ್ಡಿನ ಮೇಲೆ ಬರೆದೆ: "ಇವತ್ತು ನಿನಗೆ ಯಾರು ಸಹಾಯ ಮಾಡಿದರು?" ಚೀಟಿಗಳು ಬಂದವು, ಆದರೆ ಎಲ್ಲ ರಬ್ಬರ್, ಸ್ಕೇಲ್, ಪೆನ್ಸಿಲ್! ಸಹಾಯ ಅಂದರೆ ವಸ್ತು ಕೊಡುವುದು ಅಂತ ಅವರ ಲೆಕ್ಕ. ಒಂದು ವಾರ ಇದೇ ನಡೆಯಿತು. ಆಮೇಲೆ ಹೊಳೆಯಿತು, ಪ್ರಶ್ನೆ ಬದಲಿಸಿದೆ: "ಇವತ್ತು ಯಾರಿಂದ ನಿನಗೆ ಹಾಯೆನಿಸಿತು?" ನಿಧಾನಕ್ಕೆ ನಡೆದವನ ಚೀಟಿಗಳು ಬಂದದ್ದು ಈ ಪ್ರಶ್ನೆಯ ಮೇಲೆಯೇ. ಇನ್ನೂ ಬಂದವು. "ನಾನು ತಪ್ಪು ಓದಿದಾಗ ಎಲ್ಲರೂ ನಕ್ಕರು, ಅವಳು ನಗಲಿಲ್ಲ." "ಟೀಮಿಗೆ ಸೇರಿಸುವಾಗ ನನ್ನ ಹೆಸರು ಕೊನೇದಾಗಿ ಹೇಳಲಿಲ್ಲ." "ಜಗಳ ಆದ ಮೇಲೂ ನನ್ನ ಜಾಗ ಹಿಡಿದಿಟ್ಟಿದ್ದ." ಇವುಗಳಲ್ಲಿ ಅರ್ಧಕ್ಕರ್ಧ ಏನೋ ಮಾಡಿದ್ದಲ್ಲ, ಮಾಡದೆ ಇದ್ದದ್ದು. ನಗಲಿಲ್ಲ, ಹೇಳಲಿಲ್ಲ, ಬಿಟ್ಟುಹೋಗಲಿಲ್ಲ. ಬೋರ್ಡಿನ ಮುಂದೆ ನಿಂತವಳಿಗೆ ಯಾರು ನಕ್ಕರು ಅಂತ ಕಾಣುತ್ತದೆ. ಯಾರು ನಗಲಿಲ್ಲ ಅಂತ ನಾನು ಯಾವತ್ತೂ ನೋಡಿರಲಿಲ್ಲ.

ಈಗ ಕಲ್ಲಿನ ಮಾತು. ಕೈಪಿಡಿ ಹೇಳುತ್ತದೆ: ಪ್ರತಿ ಶುಕ್ರವಾರ ಚೀಟಿಗಳನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ, ಚಪ್ಪಾಳೆ ತಟ್ಟಿಸಿ. ನಾನೂ ಪೆದ್ದಿಯ ಹಾಗೆ ಓದಿದೆ. ಮೊದಲೇ ನೋಡಿಕೊಂಡಿರಲಿಲ್ಲ, ಡಬ್ಬಿಯಿಂದ ತೆಗೆದು ತೆಗೆದು ಓದುತ್ತಿದ್ದೆ. ಒಂದು ಚೀಟಿ: "ನಾನು ಬಾತ್‌ರೂಮಲ್ಲಿ ಅತ್ತಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ." ಬರೆದವಳ ಹೆಸರು ಕೆಳಗೇ ಇತ್ತು, ಅದನ್ನೂ ಓದಿಬಿಟ್ಟೆ. ಚಪ್ಪಾಳೆ ಬಿತ್ತು. ಒಬ್ಬ "ಯಾಕೆ ಅತ್ತೆ?" ಎಂದ. ಗೆಳತಿ ಅಷ್ಟು ಜೋಪಾನವಾಗಿ ಕಾಪಾಡಿದ ಗುಟ್ಟನ್ನು ನಾನು 34 ಮಕ್ಕಳ ಮುಂದೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದೆ. ಆ ಹುಡುಗಿ ಬೆಂಚಿನ ಮೇಲೆ ತಲೆ ಇಟ್ಟುಬಿಟ್ಟಳು. ಗುಟ್ಟು ಕಾಪಾಡಿದವಳು ನನ್ನನ್ನು ಹೇಗೆ ನೋಡಿದಳು ಅಂದರೆ, ಅದನ್ನು ಬರೆಯುವುದು ಕಷ್ಟ.

ಅವತ್ತಿನಿಂದ ಗಟ್ಟಿಯಾಗಿ ಓದುವುದು ಬಂದ್. ಈಗ ಚೀಟಿ ಮಡಚಿ ಯಾರ ಹೆಸರಿದೆಯೋ ಅವರ ನೋಟ್‌ಬುಕ್ಕಿನೊಳಗೆ ಇಟ್ಟು ಕೊಡುತ್ತೇನೆ. ಅವರು ಓದುವಾಗ ಮುಖ ನೋಡಲು ಆಸೆಯಾಗುತ್ತದೆ, ಆದರೂ ನೋಡುವುದಿಲ್ಲ. ಸರಿ, ಸ್ವಲ್ಪ ನೋಡುತ್ತೇನೆ.

ಇನ್ನೊಂದು ನಿಯಮ: ಹತ್ತು ಚೀಟಿಗೆ ಒಂದು ಸ್ಟಾರ್. ಚಾರ್ಟ್ ಇದ್ದಷ್ಟು ದಿನ ಇದರ ಹೆಸರಿನಲ್ಲಿ ಒಳ್ಳೆಯ ವ್ಯಾಪಾರ ನಡೆಯಿತು. ಎರಡು ಚೀಟಿಯಲ್ಲಿ ಒಂದೇ ವಾಕ್ಯ, ಒಂದೇ ಕಾಗುಣಿತ ತಪ್ಪು. ವಿಚಾರಿಸಿದರೆ, "ನೀನು ನಂದು ಬರಿ, ನಾನು ನಿಂದು ಬರೀತೀನಿ" ಎಂಬ ಒಪ್ಪಂದ. ಚಾರ್ಟ್ ಹೋದ ಮೇಲೆ ಚೀಟಿಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ಉಳಿದ ಅರ್ಧ ಓದುವಂತಿತ್ತು.

ಒಂದೂ ಚೀಟಿ ಬರದ ಮಗುವಿಗೆ ಏನು ಮಾಡಬೇಕು? ನನ್ನ ಕ್ಲಾಸಿನಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗ ಇದ್ದ. ಆರು ವಾರ ಅವನ ಹೆಸರೇ ಬರಲಿಲ್ಲ. "ಅಂಥ ಮಕ್ಕಳಿಗೆ ಟೀಚರ್ ತಾವೇ ಒಂದು ಚೀಟಿ ಬರೆದು ಹಾಕಬಹುದು" ಎನ್ನುತ್ತದೆ ಕೈಪಿಡಿ. ಎಡಗೈಯಲ್ಲಿ ಬರೆದು ಹಾಕಿದೆ. ಮಾರನೇ ದಿನ ಚೀಟಿ ಹಿಡಿದುಕೊಂಡು ಬಂದ. "ಮಿಸ್, ಇದು ನಿಮ್ಮ ಅಕ್ಷರ. ಸೊಟ್ಟ ಬರೆದಿದ್ದೀರ ಅಷ್ಟೇ." ಆಮೇಲೆ ಕೈಪಿಡಿ ಬಿಟ್ಟು ನನಗೆ ಗೊತ್ತಿದ್ದ ಹಳೇ ದಾರಿ ಹಿಡಿದೆ. ಜಾಗ ಬದಲಿಸಿದೆ, ಇಬ್ಬಿಬ್ಬರಿಗೆ ಒಂದೊಂದು ಕೆಲಸ ಕೊಟ್ಟೆ. ಗೆಳೆಯರೇ ಇಲ್ಲದವನು ಯಾರಿಗೆ ಅಂತ ಸಹಾಯ ಮಾಡಬೇಕು? ಒಂಬತ್ತನೇ ವಾರದಲ್ಲಿ ಅವನ ಹೆಸರಿನ ಚೀಟಿ ಬಂತು. "ನನ್ನ ಗೆರೆ ಸೊಟ್ಟ ಆದಾಗ ಸ್ಕೇಲ್ ಹಿಡ್ಕೊಂಡ." ನೋಡಿ, ಕೊನೆಗೂ ಸ್ಕೇಲೇ.

40 ಕಾರ್ಡುಗಳ ಬಗ್ಗೆ ಬೇಗ ಮುಗಿಸುತ್ತೇನೆ. ಗೆಳೆಯ ಬಿದ್ದ, ನೀನೇನು ಮಾಡುತ್ತೀಯ? ಹೊಸ ಹುಡುಗಿ ಒಬ್ಬಳೇ ಕೂತಿದ್ದಾಳೆ, ನೀನೇನು ಮಾಡುತ್ತೀಯ? 34 ಬಾಯಿ ಒಟ್ಟಿಗೆ ಸರಿಯುತ್ತರ ಹೇಳುತ್ತವೆ, ಮಗ್ಗಿ ಒಪ್ಪಿಸಿದ ಹಾಗೆ. ಒಂದು ಕಾರ್ಡು ಮಾತ್ರ ಚಿನ್ನ: ಗೆಳೆಯ ಹೋಂವರ್ಕ್ ಮಾಡಿಲ್ಲ, ನಿನ್ನದನ್ನು ನೋಡಿ ಬರೆಯಲು ಕೇಳುತ್ತಿದ್ದಾನೆ. ಕೊಡಬೇಡ, ಅದು ಮೋಸ ಅಂತ ಕಾರ್ಡಿನ ಹಿಂದೆ ಉತ್ತರ ಇದೆ. ನಾನೂ ಅದನ್ನೇ ಹೇಳುತ್ತಿದ್ದೆ. ಮಕ್ಕಳು ಒಪ್ಪಲಿಲ್ಲ. "ಅವನಿಗೆ ಏಟು ಬಿದ್ದರೆ ನಿಮಗೆ ಖುಷಿನಾ ಮಿಸ್?" ಎಂದ ಒಬ್ಬ. "ದಿನಾ ಕೇಳಿದ್ರೆ ಕೊಡಬಾರದು, ಒಂದು ಸಲ ಆದ್ರೆ ಕೊಡಬೇಕು" ಎಂದು ಇನ್ನೊಬ್ಬಳು ತೀರ್ಪು ಕೊಟ್ಟಳು. "ಕೊಟ್ಟು, ಆಮೇಲೆ ಹೇಳಿಕೊಡಬೇಕು" ಎಂದಳು ಅವಳ ಪಕ್ಕದವಳು. ಇಡೀ ಪೀರಿಯಡ್ ಅದರಲ್ಲೇ ಹೋಯಿತು. ನಾನು ಮೋಸ ಅನ್ನುವುದನ್ನು ಅವರು ಗೆಳೆತನ ಅನ್ನುತ್ತಿದ್ದರು. ನಾನು ಶಿಸ್ತು ಅನ್ನುವುದಕ್ಕೆ ಅವರಿಟ್ಟ ಹೆಸರು ಚಾಡಿ. ಇಂಥ ಹತ್ತು ಕಾರ್ಡು ಇದ್ದಿದ್ದರೆ ಈ ಪೆಟ್ಟಿಗೆಗೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ.

ಕೈಪಿಡಿಯಲ್ಲಿ ಉಪಯೋಗಕ್ಕೆ ಬಂದ ಪುಟ ಒಂದೇ. ವಾರಕ್ಕೆ ಮೂರು ಒಳ್ಳೆಯ ಕೆಲಸ ಮಾಡಲು ಹೇಳಿ, ನಾಲ್ಕು ವಾರ ಮುಂದುವರಿಸಿ ಅನ್ನುವ ಪುಟ. ಇದು ಎಲ್ಲಿಂದ ಬಂತು ಅಂತ ಬರೆದಿಲ್ಲ, ನನಗೆ ಗೊತ್ತಿದೆ. ಕ್ರಿಸ್ಟಿನ್ ಲೇಯಸ್ ಮತ್ತು ಸಂಗಡಿಗರು ವ್ಯಾಂಕೂವರ್‌ನ 19 ಕ್ಲಾಸುಗಳಲ್ಲಿ, 9ರಿಂದ 11 ವರ್ಷದ ಮಕ್ಕಳ ಜೊತೆ ಹೀಗೇ ಮಾಡಿ 2012ರಲ್ಲಿ ಪ್ರಕಟಿಸಿದ್ದರು. ಕೆಲವು ಮಕ್ಕಳಿಗೆ ವಾರಕ್ಕೆ ಮೂರು ಒಳ್ಳೆಯ ಕೆಲಸ, ಉಳಿದವರಿಗೆ ಮೂರು ಜಾಗಕ್ಕೆ ಹೋಗಿಬರುವುದು. ಎರಡೂ ಗುಂಪಿನ ಮಕ್ಕಳ ಖುಷಿ ಹೆಚ್ಚಿತು. ಆದರೆ "ಯಾರ ಜೊತೆ ಕೂತು ಕೆಲಸ ಮಾಡಲು ಇಷ್ಟ?" ಅಂತ ಕ್ಲಾಸಿನವರನ್ನು ಕೇಳಿದಾಗ ಒಳ್ಳೆಯ ಕೆಲಸ ಮಾಡಿದವರ ಹೆಸರು ಇನ್ನೊಂದು ಗುಂಪಿನವರಿಗಿಂತ ಜಾಸ್ತಿ ಏರಿತ್ತು. ಹೀಗೆ ಟೀಚರ್ ಬದಲು ಜೊತೆಯ ಮಕ್ಕಳನ್ನೇ ಕೇಳುವುದು ಹೊಸದೇನೂ ಅಲ್ಲ. 1920ರ ದಶಕದಲ್ಲೇ ಹಾರ್ಟ್‌ಶಾರ್ನ್ ಮತ್ತು ಮೇ ಎಂಬ ಅಮೆರಿಕನ್ನರು ಮಕ್ಕಳಿಗೆ ಗುಣ ವರ್ಣಿಸುವ ಸಾಲುಗಳನ್ನು ಕೊಟ್ಟು "ಇದು ನಿಮ್ಮಲ್ಲಿ ಯಾರು ಹೇಳಿ" ಎಂದು ಕೇಳಿದ್ದರು.

"ಹಾಗಾದರೆ ಪೆಟ್ಟಿಗೆ ಯಾಕೆ, ಒಂದು ಪ್ರಶ್ನಾವಳಿ ಸಾಕಲ್ವಾ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್ 1997ರಲ್ಲಿ ಪ್ರಕಟಿಸಿದ, ಮಕ್ಕಳ ನಡವಳಿಕೆ ಅಳೆಯುವ ಪ್ರಶ್ನಾವಳಿ. 25 ಸಾಲು, ಅದರಲ್ಲಿ ಐದು ಇದೇ ವಿಷಯದ್ದು: ಬೇರೆಯವರ ಮನಸ್ಸು ಅರಿಯುವುದು, ಹಂಚಿಕೊಳ್ಳುವುದು, ಪೆಟ್ಟಾದವರಿಗೆ ನೆರವಾಗುವುದು, ಚಿಕ್ಕವರ ಜೊತೆ ಅಕ್ಕರೆಯಿಂದಿರುವುದು, ಕೇಳದೆಯೇ ಕೈಜೋಡಿಸುವುದು. ಒಂದೊಂದಕ್ಕೆ 0, 1 ಅಥವಾ 2. ಚೆನ್ನಾಗಿಯೇ ಇದೆ, ಐದು ನಿಮಿಷದ ಕೆಲಸ. ಆದರೆ ಮಕ್ಕಳು ತಾವೇ ತುಂಬುವ ಪ್ರತಿ 11 ವರ್ಷದ ಮೇಲಿನವರಿಗೆ. ಒಂಬತ್ತು ವರ್ಷದವರ ಬಗ್ಗೆ ಟೀಚರ್ ಇಲ್ಲವೇ ಅಪ್ಪ ಅಮ್ಮ ತುಂಬಬೇಕು. ನಾನು ತುಂಬಿದ್ದರೆ 19 ಸ್ಟಾರಿನವಳಿಗೆ ಹತ್ತಕ್ಕೆ ಹತ್ತು, ಕೊನೇ ಬೆಂಚಿನವನಿಗೆ ಮೂರೋ ನಾಲ್ಕೋ ಕೊಡುತ್ತಿದ್ದೆ.

ಪೆಟ್ಟಿಗೆಯಲ್ಲಿ ಇಲ್ಲದ ಒಂದನ್ನು ನಾನೇ ಸೇರಿಸಿದೆ. ಬರೆಯಲು ತಿಣುಕುವ ಮಕ್ಕಳಿಗಾಗಿ ಖಾಲಿ ಹಾಳೆ ಕೊಟ್ಟು "ಮಿಸ್ ನಿನ್ನ ಜೊತೆ ಒಳ್ಳೆಯವರಾಗಿದ್ದ ಒಂದು ದಿನದ ಚಿತ್ರ ಬರಿ" ಎಂದೆ. ಚಿತ್ರ ಬರೆಸಿ ಕೇಳುವ ಈ ಉಪಾಯ ಬಿನ್‌ಫೆಟ್ ಅವರದ್ದೇ, ನನ್ನ ತಲೆಯದ್ದಲ್ಲ. ಹುಟ್ಟುಹಬ್ಬಕ್ಕೆ ಎಲ್ಲರಿಂದ ಹಾಡಿಸಿದ್ದು, ಆಟಕ್ಕೆ ಬಿಟ್ಟದ್ದು ಬರಬಹುದು ಅಂದುಕೊಂಡಿದ್ದೆ. ಹೆಚ್ಚಿನ ಹಾಳೆಗಳಲ್ಲಿ ನಾನು ಒಂದು ಬೆಂಚಿನ ಪಕ್ಕ ಬಗ್ಗಿ ನಿಂತಿದ್ದೆ. ಪಕ್ಕದಲ್ಲಿ ಒಂದು ಭಾಗಾಕಾರದ ಲೆಕ್ಕ. ಒಬ್ಬಳು ನನ್ನ ಬಾಯಿಂದ ಗುಳ್ಳೆ ಎಳೆದು ಅದರೊಳಗೆ ಬರೆದಿದ್ದಳು: "ಇನ್ನೊಂದ್ ಸಲ ಹೇಳ್ತೀನಿ." ನನಗೆ ಅದು ದಿನದ ಕೆಲಸ, ಸಂಬಳಕ್ಕೆ ಮಾಡುವಂಥದ್ದು. ಒಳ್ಳೆಯತನದ ಪಟ್ಟಿ ಮಾಡು ಅಂದಿದ್ದರೆ ನಾನು ಅದನ್ನು ಬರೆಯುತ್ತಲೇ ಇರಲಿಲ್ಲ.

ತರಿಸಬೇಕಾ ಬೇಡವಾ ಅಂದರೆ: ಪೂರ್ತಿ ಪೆಟ್ಟಿಗೆ ಬೇಡ. ಚೀಟಿ ಪ್ಯಾಡ್ ಬೇರೆಯಾಗಿ ಸಿಕ್ಕರೆ ನೋಡಿ, ಸಿಗದಿದ್ದರೂ ನಷ್ಟವಿಲ್ಲ. ಐದನೇ ವಾರದಿಂದ ನಾವು ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಕತ್ತರಿಸಿಕೊಂಡು, ಸೀಳಿದ ಡಬ್ಬಿಯ ಬದಲು ಶೂ ಬಾಕ್ಸ್ ಇಟ್ಟುಕೊಂಡಿದ್ದೇವೆ. ಉಳಿದ ಕ್ಲಾಸಿಗೆ ತರಿಸುವುದು ಬೇಡ ಅಂತ ಹೆಡ್‌ಮಿಸ್‌ಗೂ ಹೇಳಿದ್ದೇನೆ. "ಮತ್ತೆ ನಿಮ್ಮ ಕ್ಲಾಸಲ್ಲಿ ಇನ್ನೂ ಡಬ್ಬಿ ಇದೆಯಲ್ಲ?" ಎಂದು ಕೇಳಿದರು. ಇದೆ, ಇರುತ್ತದೆ.

ಕಳೆದ ಶುಕ್ರವಾರ ಶೂ ಬಾಕ್ಸಿನಲ್ಲಿ ನನ್ನ ಹೆಸರಿನ ಒಂದು ಚೀಟಿ ಇತ್ತು. "ನಾನು ಹೋಂವರ್ಕ್ ಮಾಡಿರಲಿಲ್ಲ. ಮಿಸ್‌ಗೆ ಗೊತ್ತಿತ್ತು. ಆದ್ರೂ ಮರೆತ ಹಾಗೆ ಮಾಡಿ ಕೇಳಲಿಲ್ಲ." ಚೀಟಿಯನ್ನು ಜೋಪಾನವಾಗಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ನಾನು ಅವತ್ತು ನಿಜವಾಗಿಯೂ ಮರೆತಿದ್ದೆ.